ತುಳಸಿಕಟ್ಟೆಯ ಬಿಸಿಲು

ಅಂಗಳದ ಪಡು ಬದಿಯ ಹಲಸಿನ ಮರ ಕಳೆದ ಮಳೆಗಾಲದ ಗಾಳಿಗೆ ಬಿತ್ತು. ದೇವರ ದಯೆ, ಮನೆಯ ಮಾಡಿನ ಮೇಲೆ ಬೀಳದೆ ಗದ್ದೆಯ ಕಡೆಗೆ ಮಲಗಿತು. ಆದರೆ ಬೇಸಗೆ ಬಂದದ್ದೇ ಅಂಗಳದಲ್ಲಿ ಬರಿಗಾಲು ಊರಲಿಕ್ಕಾಗದ ಹಾಗಾಯಿತು. ಇಡೀ ಅಂಗಳದ ಮೇಲೆ ತಗಡಿನ ಶೀಟ್ ಹಾಕಿಸುವುದೆಂದು ಇವರು ನಿಶ್ಚಯಿಸಿದರು. ಹೆಮ್ಮಾಡಿಯ ವೆಲ್ಡಿಂಗಿನವರು ಬಂದು ಅಳತೆ ತೆಗೆದುಕೊಂಡು ಹೋದರು.

ನನ್ನ ಸಂಕಟ ಮೂಡು ಬದಿಯ ತುಳಸಿಯದ್ದು. ಮದುವೆಯಾಗಿ ಬಂದಂದಿನಿಂದ, ಬೆಳಿಗ್ಗೆ ಮಿಂದು ನೀರೆರೆಯುವಾಗ ಬಿಸಿಲು ಮೊದಲು ತುಳಸಿಯ ತಲೆ ಮುಟ್ಟುತ್ತದೆ, ಆಮೇಲೆ ನನ್ನ ಕೈ. ಶೀಟ್ ಬಂದರೆ ಅದೂ ಹೋಯಿತು.

ಆರ್ಕಿಟೆಕ್ಚರ್ ಓದುವ ಮಗಳು, "ಜಗಳ ಬ್ಯಾಡ, ಕಂಪ್ಯೂಟರಲ್ಲಿ ಕಾಂಬ" ಎಂದಳು. ಅವಳ ಲ್ಯಾಪ್‌ಟಾಪಿನಲ್ಲಿ ನಮ್ಮ ಮನೆ, ಬಾವಿ, ಅಂಗಳ ಎಲ್ಲ ಮೂಡಿದವು. ಯಾವ ಹೊತ್ತಿಗೆ ಎಲ್ಲಿ ನೆಲ ಎಷ್ಟು ಕಾಯುತ್ತದೆಂದು ಅದು ಹೇಳುತ್ತದಂತೆ. ಅದಕ್ಕೆ ಮೊದಲು ಬಿಸಿಲು ಎಷ್ಟೆಂದು ನಾವು ಹೇಳಿಕೊಡಬೇಕು. ಕೊಟ್ಟ ಬಿಸಿಲನ್ನು ಅದು ಲೆಕ್ಕ ಹಾಕುವ ಮೊದಲೇ ಒಂದು ಗೆರೆಯಲ್ಲಿ ತೋರಿಸುತ್ತದೆ. ಬೆಳಿಗ್ಗೆ ಹತ್ತಿ ಸಂಜೆ ಇಳಿಯುವ ಗುಡ್ಡದ ಹಾಗೆ. ನಮ್ಮ ನಿಜವಾದ ಬಿಸಿಲಿಗೆ ಆ ಗೆರೆಯನ್ನು ಹೊಂದಿಸಲು ಮಗಳು ಬಿಸಿಲು ಅಳೆಯುವ ಪುಟ್ಟ ಯಂತ್ರವೊಂದನ್ನು ತುಳಸಿಕಟ್ಟೆಯ ಮೇಲಿಟ್ಟಳು.

ಯಂತ್ರದ ಲೆಕ್ಕ ಕಡಿಮೆಯೇ ಬಂತೆಂದು ಕಂಪ್ಯೂಟರಿನ ಬಿಸಿಲನ್ನು ಇಳಿಸುತ್ತಲೇ ಹೋದಳು. ಗುಡ್ಡ ದಿಬ್ಬವಾಯಿತು. ಪರದೆಯಲ್ಲಿ ಅಂಗಳವೆಲ್ಲ ತಣ್ಣಗೆ ನೀಲಿ.

"ಕಾಣಿ, ಶೀಟೇ ಬ್ಯಾಡ" ಎಂದೆ ಇವರಿಗೆ.

"ಹ್ವಾಯ್, ಹಾಂಗಾರೆ ನನ್ನ ಕಾಲ್ ಸುಡುದ್ ಎಂತಕ್ಕೆ? ಕಂಪ್ಯೂಟರಿಗೆ ಚಪ್ಪಲಿ ಹಾಕಿದ್ಯಾ?"

ಮಗಳು ಎದ್ದು ಹೋಗಿ ಯಂತ್ರ ತಂದಳು. ಅದರ ಗಾಜಿನ ಗುಮ್ಮಟದ ಮೇಲೆ ಅರಿಶಿನ, ಕುಂಕುಮ.

"ಅಮ್ಮ, ಇದ್ ಯಾರ್ ಹಚ್ಚಿದ್ದ್?"

"ನಾನೇ. ತುಳಸಿ ಎದುರು ಕೂತದ್ದನ್ನ ಬರೀ ಹಣೆಯಲ್ಲಿ ಬಿಡುದಾ?"

"ಅದ್ ಹಣೆ ಅಲ್ಲ ಅಮ್ಮ, ಕಣ್ಣ್."

ಇವರು ನಗುತ್ತಾ ಜಗಲಿಯಲ್ಲಿ ಕೂತೇಬಿಟ್ಟರು.

ಒರೆಸಿ ಮತ್ತೆ ಅಳೆದಾಗ ಗುಡ್ಡ ಎದ್ದು ನಿಂತಿತು, ಅಂಗಳ ಕೆಂಪಾಯಿತು. ಇನ್ನು ಶೀಟ್ ತಪ್ಪುವುದಿಲ್ಲವೆಂದು ನನಗೂ ತಿಳಿಯಿತು. ಆದರೂ ಆಸೆ ತಡೆಯದೆ, "ಒಂದ್ಸಲ ಹಲಸಿನ ಮರ ಇದ್ದಲ್ಲೇ ಇಡ್ ಕಾಂಬ" ಎಂದೆ. ಇಟ್ಟಳು. ಅದರಲ್ಲಿ ಮೂರು ಗಂಟೆಯ ಹೊತ್ತಿಗೆ ನೆರಳು ಅಡುಗೆಮನೆ ಬಾಗಿಲ ತನಕ ಬಂತು. ಮೊದಲೂ ಅಷ್ಟೇ ಬರುತ್ತಿತ್ತು. ಅತ್ತೆ ಇದ್ದಷ್ಟು ಕಾಲ ನಾವಿಬ್ಬರೂ ಅಲ್ಲೇ ಕೂತು, ಕೈಗೆ ಎಣ್ಣೆ ಸವರಿ ಹಲಸಿನ ಸೊಳೆ ಬಿಡಿಸುತ್ತಿದ್ದೆವು. "ಸ್ವಲ್ಪ ಹೊತ್ತ್ ಹಾಂಗೇ ಬಿಡ್" ಎಂದೆ. ಮಗಳು ಹಾಗೇ ಬಿಟ್ಟಳು.

ಆಮೇಲೆ ಅಪ್ಪನಿಗೆ ಆ ಗೆರೆಯ ಬುಡ ತೋರಿಸಿದಳು. "ಅಪ್ಪಯ್ಯ, ಬೆಳಗಿನ ಇಷ್ಟ್ ಬಿಸಿಲಿಗೆ ಅಂಗಳ ಕಾಯುದಿಲ್ಲ. ಸುಡುದ್ ಮಧ್ಯಾಹ್ನದ ಮೇಲೆ, ನಾವ್ ಓಡಾಡು ಪಡು ಬದಿ."

ಇವರು ನನ್ನ ಮುಖ ನೋಡಿದರು. ಫೋನ್ ತೆಗೆದು ವೆಲ್ಡಿಂಗಿನವರಿಗೆ, "ಮೂಡು ಬದಿ ಬಿಡಿ ಮಾರಾಯ್ರೆ. ನಮ್ಮನೆಯವ್ರ್ ಬೆಳಿಗ್ಗೆ ಅಲ್ಲಿ ನಿಲ್ತ್ರ್" ಎಂದರು.

ಈಗ ಪಡು ಬದಿಗೆ ಶೀಟ್ ಬಂದಿದೆ. ಕಾಲು ಸುಡುವುದಿಲ್ಲ, ಅಷ್ಟು ಸಾಕು. ಆದರೆ ಅದರ ನೆರಳು ಅಲುಗುವುದಿಲ್ಲ. ಹಲಸಿನ ಅಡಿಯಲ್ಲಿ ಗಾಳಿ ಬಂದಾಗ ಬಿಸಿಲಿನ ಚೂರುಗಳು ಅತ್ತೆಯ ಬೆನ್ನ ಮೇಲೆ ಓಡಾಡುತ್ತಿದ್ದವು.