ಹೋಟಗಿ ಬಂಗಲೆಯ ಹನ್ನೆರಡನೆಯ ಕುರ್ಚಿ

ದೆವ್ವ, ಭೂತ ಎಂದರೆ ನಗುತ್ತಿದ್ದವನು ನಾನು. ಮನುಷ್ಯರ ಮೇಲೆ ಮಾತ್ರ ನನಗೆ ಸಂಶಯ ಬಹಳ. ಆ ಸಂಶಯವೇ ನನ್ನ ಹೊಟ್ಟೆಪಾಡು ಎಂದರೂ ನಡೆದೀತು. ಮಾರಾಟಕ್ಕಿಟ್ಟ ಹಳೆಯ ಮನೆಗಳ ಸಾಮಾನು ಪಟ್ಟಿ ಮಾಡುವುದು, ಒಂದು ಚಮಚವೂ ಆಚೀಚೆ ಆಗದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಕೆಲವು ವರ್ಷಗಳ ಹಿಂದೆ ಹೋಟಗಿ ಹತ್ತಿರದ ಬಂಗಲೆಯೊಂದಕ್ಕೆ ಹೋದೆ. ಸೋಲಾಪುರದ ಮಿಲ್ ಮಾಲಕರೊಬ್ಬರು ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕಟ್ಟಿಸಿದ್ದು. ಮಿಲ್ ಮುಚ್ಚಿ, ಮನೆತನದವರೆಲ್ಲ ಮುಂಬೈ ಸೇರಿದ್ದರು. ಉಳಿದವಳು ಕಾವಲಿನ ಲಕ್ಕವ್ವ ಒಬ್ಬಳೇ. ಗಂಡ ಸತ್ತ ಮೇಲೆ ಬಂಗಲೆಯ ಹಿಂದಿನ ಖೋಲಿ ಬಿಟ್ಟರೆ ಅವಳಿಗೆ ತನ್ನದೆನ್ನುವ ಬೇರೆ ನೆಲೆ ಇರಲಿಲ್ಲ.

ಊಟದ ಕೋಣೆಯಲ್ಲಿ ಹನ್ನೆರಡು ತೇಗದ ಕುರ್ಚಿಗಳು. ಮೊದಲ ದಿನ ಎಣಿಸಿ, ಎಲ್ಲವನ್ನೂ ಮೇಜಿನಡಿಗೆ ತಳ್ಳಿ, ಬೀಗ ಹಾಕಿ ಕೀಲಿಕೈ ಜೇಬಿಗಿಳಿಸಿದೆ. ಮರುದಿನ ಬೆಳಿಗ್ಗೆ ನೋಡಿದರೆ ಕೊನೆಯ ಕುರ್ಚಿ, ಯಾರೋ ಉಂಡು ಎದ್ದು ಹೋದ ಹಾಗೆ, ಹೊರಗೆ ಸರಿದಿದೆ. ಮೂರನೆಯ ದಿನವೂ ಅದೇ ಕಥೆ.

"ಲಕ್ಕವ್ವಾ, ಇನ್ನೊಂದು ಕೀಲಿಕೈ ಎಲ್ಲಿಟ್ಟಿ?" ಎಂದು ಗದರಿದೆ.

ಆಕೆ ಒಳಗಿನಿಂದ ತನ್ನ ಮನೆದೇವರು ಬೀರೋಬಾನ ಭಂಡಾರ ತಂದಳು. ಆ ಅರಿಶಿನ ಪುಡಿಯನ್ನು ಅಂಗೈಯಲ್ಲಿ ಹಿಡಿದು, "ಭಂಡಾರ ಮುಟ್ಟಿ ಹೇಳ್ತೀನ್ರಿ ಸಾಹೇಬ್ರ, ಆ ಊಟದ ಖೋಲಿ ಹೊಸ್ತಲಾ ಸುದ್ದಾ ದಾಟಿಲ್ರಿ ನಾ" ಎಂದಳು.

ಆಕೆಯಂಥ ಕುರಿ ಕಾಯುವ ಮನೆತನದವರು ಭಂಡಾರ ಹಿಡಿದು ಸುಳ್ಳಾಡುವುದಿಲ್ಲ. ಈ ಸೀಮೆಯಲ್ಲೇ ಹುಟ್ಟಿದ ನನಗದು ಗೊತ್ತಿತ್ತು. ಆದರೂ ನಾಟಕ ಅಂದುಕೊಂಡೆ. ಈ ಹೆಂಗಸನ್ನು ನಂಬಬೇಡಿ ಎಂದು ಮುಂಬೈಯ ಮಾಲಕರಿಗೆ ಫೋನ್ ಮಾಡಿಬಿಟ್ಟೆ. ಅವರು ಆಕೆಯನ್ನು ಕೆಲಸದಿಂದ ತೆಗೆದರು. ಸಂಜೆಯೊಳಗೆ ಆಕೆ ಗಂಟು ಕಟ್ಟಿಕೊಂಡು ಬೋರಾಮಣಿಯ ತಂಗಿಯ ಮನೆಗೆ ಹೊರಟುಹೋದಳು.

ಕೋಣೆಗೆ ನನ್ನದೇ ಹೊಸ ಬೀಗ ಜಡಿದೆ. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು, ಬೇರೆ ಬಾಗಿಲಿಲ್ಲ. ಮರುದಿನ ಬೆಳಿಗ್ಗೆ ತೆಗೆದೆ. ಕುರ್ಚಿ ಹೊರಗೆ ಸರಿದಿತ್ತು. ಕೂರುವ ಜಾಗಕ್ಕೆ ಕೈಯಿಟ್ಟೆ. ಬೆಚ್ಚಗಿತ್ತು.

ಫೋನ್ ಕೈಯಲ್ಲೇ ಇತ್ತು. ನಿಜ ಹೇಳಿದ್ದರೆ ಲಕ್ಕವ್ವ ಮರಳಿ ಬರುತ್ತಿದ್ದಳು, ನನ್ನನ್ನು ಹುಚ್ಚ ಅನ್ನುತ್ತಿದ್ದರು. ಕುರ್ಚಿ ಒಳಗೆ ತಳ್ಳಿ, ಪಟ್ಟಿಗೆ ಸಹಿ ಹಾಕಿ ಬಂದೆ.

ಹೋದ ವರ್ಷ ಹೋಟಗಿ ಸ್ಟೇಶನ್ನಿನಲ್ಲಿ ಆಕೆ ಸಿಕ್ಕಳು. ತಾನಾಗಿಯೇ ಹತ್ತಿರ ಬಂದು, "ನಾ ಹೋದಮ್ಯಾಲ ಕುರ್ಚಿ ಸರೀಲಿಲ್ಲೇನ್ರಿ ಸಾಹೇಬ್ರ?" ಎಂದಳು.

"ಇಲ್ಲ" ಎಂದೆ.

ಆಕೆ ತಲೆ ತಗ್ಗಿಸಿ ಅಂದಳು, "ಹಂಗಾರ ನಾನ ಸರಿಸಿರಬೇಕ್ರಿ, ನಿದ್ದಿಗಣ್ಣಾಗ, ನನಗ ಖಬರ್ ಇಲ್ಲದಂಗ."