ಗಾಡಿಗೆ ಕಟ್ಟಿದ ಕಂದು

ಆಯುಧಪೂಜೆ ಹತ್ತಿರ ಬಂತು ಅಂದರೆ ಈಗಲೂ ನನಗೆ ಸಿಡಿಮಿಡಿ ಶುರುವಾಗುತ್ತದೆ. ಹಬ್ಬದ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟು ಇರುವುದು ಜೀಪಿನ ಮುಂದೆ ಕಟ್ಟುವ ಬಾಳೆಕಂದಿನ ಮೇಲೆ. ಹೆತ್ತೂರಿನ ನನ್ನ ಹೊಲಿಗೆ ಅಂಗಡಿ ಮುಂದೆ ಆ ದಿನ ಗಾಡಿಗಳು ಹಾರ್ನ್ ಹೊಡೆದುಕೊಂಡು ಹೋಗುವಾಗ ಎಲ್ಲರೂ ಚೆಂಡುಹೂವಿನ ಹಾರ ನೋಡುತ್ತಾರೆ, ನಾನು ಕಂದಿನ ಎಲೆ ನೋಡುತ್ತೇನೆ. ಎಲೆ ಅಗಲವಾಗಿ ಜೋತು ಬಿದ್ದಿದ್ದರೆ ಸಮಾಧಾನ. ನೆಟ್ಟಗೆ, ಗಿಡ್ಡವಾಗಿ, ಒತ್ತೊತ್ತಾಗಿ ನಿಂತಿದ್ದರೆ ಕೈಯಲ್ಲಿದ್ದ ಹೊಲಿಗೆ ಅಲ್ಲಿಗೇ ನಿಲ್ಲುತ್ತದೆ.

ನನ್ನ ಅಕ್ಕನನ್ನು ಬಿಸಿಲೆ ರಸ್ತೆ ಕಡೆ ಕೊಟ್ಟಿದ್ದರು. ಭಾವ ತೀರಿಕೊಂಡ ಮೇಲೆ ಅವಳ ಪಾಲಿಗೆ ಅಂತ ಉಳಿದದ್ದು ಮನೆ ಮುಂದಿನ ಒಂದು ಗದ್ದೆ, ಅದರ ಮೇಲೊಂದು ಸಣ್ಣ ದಿಣ್ಣೆ. ಅದೂ ಮೈದುನಂದಿರು ಬಾಯಿಮಾತಲ್ಲಿ ಬಿಟ್ಟುಕೊಟ್ಟದ್ದು. "ಒಂದು ಬೆಳೆ ತೆಗೆದು ತೋರ್ಸಿ ಅತ್ತಿಗೆ. ಆಗ್ಲಿಲ್ಲ ಅಂದ್ರೆ ನಮ್ಮ ಕಾಫಿ ಜೊತೆಗೇ ಸೇರಿಸ್ಕೊಂಡ್ಬಿಡ್ತೀವಿ" ಅಂದಿದ್ದರು. ಸೇರಿಸಿಕೊಂಡರೆ ಅವಳು ಆ ಮನೆಯಲ್ಲಿ ಬರೀ ಕೂತು ಉಣ್ಣುವವಳಾಗುತ್ತಿದ್ದಳು. ಅಕ್ಕನಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಆ ನೆಲ ಉಳಿಯಬೇಕು ಅಂತ ಅವಳು ಏಲಕ್ಕಿ ಬಾಳೆ ಹಾಕಿದಳು.

"ಆನೆಗೆ ಎಲೆ ಹಾಕಿ ಊಟ ಬಡಿಸೋಕೆ ಹೊರಟಿದೀಯೇನೆ?" ಅಂತ ನಾನೇ ರೇಗಿಸಿದ್ದೆ. ಅವಳು ನಗಲಿಲ್ಲ. ಕಾಡಾನೆ ಬಾರದ ಹಾಗೆ ಸುತ್ತ ಸೋಲಾರ್ ತಂತಿ ಎಳೆಸಿದಳು, ಸದ್ದಾಗಲಿ ಅಂತ ಮೂಲೆ ಮೂಲೆಗೆ ಡಬ್ಬ ಕಟ್ಟಿದಳು. ನಮ್ಮ ಕಡೆಯ ಮಳೆಗೆ ಬುಡದಲ್ಲಿ ನೀರು ನಿಂತರೆ ಬಾಳೆ ಕೊಳೆತೇ ಹೋಗುತ್ತದೆ ಅಂತ ಸಾಲಿಗೊಂದು ಕಾಲುವೆ ತೆಗೆಸಿದಳು. ನೆಡುವ ಮೊದಲು ಒಂದೊಂದು ಗೆಡ್ಡೆಯನ್ನೂ ಕೆರೆದು, ಹುಳ ಕೊರೆದ ತೂತಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿದಳು. ಹೆಣ್ಣು ನೋಡೋಕೆ ಬಂದವರೂ ಅಷ್ಟು ತಿರುಗಿಸಿ ನೋಡುವುದಿಲ್ಲ, ಮಾರಾಯ್ರೇ! ಮಳೆಗಾಲ ಮುಗಿಯುವ ಹೊತ್ತಿಗೆ ಗಿಡಗಳು ಎದೆಮಟ್ಟ ಬಂದಿದ್ದವು. ಆನೆ ಎರಡು ಸಲ ಬೇಲಿವರೆಗೂ ಬಂದು ತಿರುಗಿ ಹೋಗಿತ್ತು.

ಇನ್ನು ನಮ್ಮ ದೊಡ್ಡಪ್ಪನ ವಿಷಯ. ಹೆತ್ತೂರಿನ ನಮ್ಮ ತವರುಮನೆಯಲ್ಲಿ ಈಗ ಅವರೇ ಹಿರಿಯರು. ಕಾಫಿ ಸ್ಟೋರಿನ ಹಿಂದೆ ಅವರದೊಂದು ಹಳೇ ಬಾಳೆಹಿಂಡು. ಆಯುಧಪೂಜೆಗೆ ಸುತ್ತಮುತ್ತಲಿನ ಜೀಪು, ಟ್ರಾಕ್ಟರ್, ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಎಲ್ಲಕ್ಕೂ ಅಲ್ಲಿಂದಲೇ ಕಂದು. ಯಾರಿಗೂ ಇಲ್ಲ ಅಂದವರಲ್ಲ. ಆ ವರ್ಷ ಹಿಂಡಿನಲ್ಲಿ ಕಂದುಗಳು ವಿಚಿತ್ರವಾಗಿ ಬಂದಿದ್ದವು. ಮೊಣಕಾಲೆತ್ತರ, ಎಲೆಗಳು ಕಿರಿದಾಗಿ ಮೇಲಕ್ಕೆ ನಿಂತು ಹೂಗುಚ್ಛದ ಹಾಗೆ ಕಾಣುತ್ತಿದ್ದವು. ದೊಡ್ಡಪ್ಪನಿಗೆ ಖುಷಿಯೋ ಖುಷಿ. "ನೋಡ್ರೋ, ಗಾಡಿಗೆ ಕಟ್ಟೋಕೆ ಅಂತ ಅಳತೆ ಕೊಟ್ಟು ಮಾಡ್ಸಿದಂಗೈತೆ!" ಅಂದರು. ನಿಜವೇ. ಬಂಪರಿಗೆ ಕಟ್ಟಿದರೆ ಡ್ರೈವರಿಗೆ ರಸ್ತೆ ಮರೆಯಾಗುತ್ತಿರಲಿಲ್ಲ, ಗಾಳಿಗೆ ಎಲೆ ಹರಿಯುತ್ತಿರಲಿಲ್ಲ. ಜನ ಕೇಳಿ ಕೇಳಿ ಒಯ್ದರು.

ಅಕ್ಕನೂ ಕೇಳಿದಳು. ತನ್ನದೇ ತೋಟ ತುಂಬ ಬಾಳೆ ಇಟ್ಟುಕೊಂಡು ಕಂದಿಗೆ ಕೇಳಿದವಳು ಅವಳೊಬ್ಬಳೇ. ಮೊದಲ ಗೊನೆ ದೇವರಿಗೆ ಅಂತ ಹೇಳಿಕೊಂಡಿದ್ದಳಂತೆ, ಅಲ್ಲಿವರೆಗೆ ತೋಟಕ್ಕೆ ಕತ್ತಿ ತಾಗಿಸುವುದಿಲ್ಲವಂತೆ. ಪೂಜೆಯ ಬೆಳಿಗ್ಗೆ ದೊಡ್ಡಪ್ಪ ತಾವೇ ಹೋಗಿ ಭಾವನ ಹಳೇ ಜೀಪಿಗೆ ಎರಡು, ಗೇಟಿಗೆ ಎರಡು ಕಂದು ಕಟ್ಟಿ ಬಂದರು. ಹಗಲೂ ರಾತ್ರಿ ಆನೆ ಬಾರದ ಹಾಗೆ ಕಾದವಳು ತಾನೇ ಗೇಟು ತೆಗೆದು, ಆ ಕಂದುಗಳಿಗೆ ಅರಿಶಿನ ಕುಂಕುಮ ಇಟ್ಟು ಒಳಗೆ ಕರೆದುಕೊಂಡಳು.

ಹಬ್ಬ ಕಳೆದ ಮೇಲೆ ಬಾಡಿದ ಕಂದು ಬಿಚ್ಚಿದಳು. ದೇವರಿಗೆ ಏರಿಸಿದ್ದನ್ನು ನಮ್ಮಲ್ಲಿ ತುಳಿಯುವ ಜಾಗಕ್ಕೆ ಹಾಕುವ ಹಾಗಿಲ್ಲ, ಗಿಡದ ಬುಡಕ್ಕೇ ಹಾಕಬೇಕು. ಅವ್ವ ಕಲಿಸಿದ್ದು ಅದನ್ನೇ. ಅಕ್ಕ ಹೂವು, ಕಂದು ಎಲ್ಲವನ್ನೂ ಒಯ್ದು ಕೆಳಗಿನ ಗದ್ದೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದ ಬಾಳೆಯ ಬುಡಕ್ಕೆ ಹಾಕಿ ಕೈಮುಗಿದು ಬಂದಳು.

ಕಾಫಿ ಕುಯ್ಲಿನ ಹೊತ್ತಿಗೆ ನಾನು ಅವಳಿಗೆ ಹೊಲಿದ ರವಿಕೆ ಕೊಡೋಕೆ ಹೋಗಿದ್ದೆ. ಅಕ್ಕ ತೋಟದಲ್ಲಿದ್ದಳು, ಹಬ್ಬದ ಕಂದು ಹಾಕಿದ್ದ ಆ ಬಾಳೆ ಮುಂದೆ ನಿಂತಿದ್ದಳು. ಹೊಸ ಎಲೆಗಳು ಬಿಚ್ಚದೆ, ಒಂದರೊಳಗೊಂದು ಸಿಕ್ಕಿಕೊಂಡು ಮೇಲೆ ನೋಡುತ್ತಿದ್ದವು. ನಾನು ಎಲೆ ಬಗ್ಗಿಸಿ ದಂಟು ನೋಡಿದೆ. ಕಡುಹಸಿರು ಗೆರೆ, ಮಧ್ಯೆ ಮಧ್ಯೆ ತುಂಡಾಗಿ, ಚುಕ್ಕಿ ಗೀಟು, ಚುಕ್ಕಿ ಗೀಟು. ಯಾರೋ ಕಚ್ಚಾ ಹೊಲಿಗೆ ಹಾಕಿ ಬಿಟ್ಟ ಹಾಗಿತ್ತು. ದೊಡ್ಡಪ್ಪನ ಮುದ್ದಾದ ಕಂದುಗಳು ನೆನಪಾದವು. 

ತೋಟಗಾರಿಕೆ ಓದಿದ ಹುಡುಗಿಯೊಬ್ಬಳನ್ನು ಅಕ್ಕ ಕರೆಸಿದಳು. ಅವಳು ದಂಟಿನ ಸಂದಿ ಬಿಡಿಸಿ ತೋರಿಸಿದಳು. ಎಳ್ಳಿನ ಪುಡಿ ಉದುರಿಸಿದಂತೆ ಕಂದುಗಪ್ಪು ಹೇನು. "ಈ ಹೇನೇ ರೋಗ ಹೊತ್ಕೊಂಡು ಹೋಗೋದು ಅಕ್ಕಾ. ಇದಕ್ಕೆ ಔಷಧಿ ಇಲ್ಲ, ಹಿಡಿದ ಬುಡ ಗೊನೆ ಬಿಡಲ್ಲ. ಗಿಡ ನಿಂತಿರುವಾಗಲೇ ಮೊದಲು ಹೇನು ಸಾಯಿಸ್ಬೇಕು, ಆಮೇಲೆ ಗೆಡ್ಡೆ ಸಮೇತ ಕಿತ್ತು ಹೂಳ್ಬೇಕು. ಮೊದಲೇ ಕಡಿದ್ರೆ ಗಿಡ ಬಾಡುತ್ತೆ, ಹೇನು ಎದ್ದು ಪಕ್ಕದ ಗಿಡಕ್ಕೆ ಹೋಗುತ್ತೆ" ಅಂದಳು. ಹಬ್ಬಕ್ಕೆ ಆದದ್ದೂ ಅದೇ. ಕಡಿದು ಬಾಡಿದ ಕಂದನ್ನೇ ಅಕ್ಕ ತಂದು ಬುಡಕ್ಕೆ ಹಾಕಿ ಕೈಮುಗಿದಿದ್ದಳಲ್ಲ!

ಕೆಳಗಿನ ಗದ್ದೆ ಪೂರ್ತಿ ಹೋಯಿತು. ಅವಳೇ ನಿಂತು ಹೇನಿಗೆ ಔಷಧಿ ಹೊಡೆಸಿದಳು, ಅವಳೇ ನಿಂತು ಕೀಳಿಸಿದಳು, ಒಂದು ಹನಿ ಕಣ್ಣೀರು ಹಾಕಲಿಲ್ಲ. ನಾನೇ ಅತ್ತೆ. ದಿಣ್ಣೆಯ ಮೇಲಿನ ಸಾಲುಗಳು ಮಾತ್ರ ಉಳಿದವು. ಮೈದುನಂದಿರು ಬಂದು ನೋಡಿ, "ಅಷ್ಟಾದ್ರೂ ಗೊನೆ ಬಿಡಲಿ ಅತ್ತಿಗೆ, ಆಮೇಲೆ ಮಾತಾಡೋಣ" ಅಂದು ಹೋದರು. ಅಲ್ಲಿಂದಾಚೆ ಅಕ್ಕ ದಿನಾ ಬೆಳಿಗ್ಗೆ ಮಗುವಿನ ತಲೆ ನೋಡಿದ ಹಾಗೆ ಒಂದೊಂದು ಎಲೆಸಂದಿ ನೋಡತೊಡಗಿದಳು.

ದೊಡ್ಡಪ್ಪನಿಗೆ ಹಿಂಡು ಕಿತ್ತುಹಾಕಿ ಅಂತ ನಾನು ಹೇಳಿದ್ದಕ್ಕೆ ಮನೆಯೇ ಹಾರಿಹೋಗುವಂತೆ ಕೂಗಾಡಿದರು. "ನಮ್ಮಜ್ಜ ಹಾಕಿದ ಹಿಂಡು ಕಣೇ ಅದು! ಗೊಬ್ಬರ ಕಮ್ಮಿಯಾಗಿ ಗಿಡ್ಡ ಬಂದೈತೆ ಅಷ್ಟೆ. ರೋಗ ಬಂದಿರೋದು ನಿನ್ ಕಣ್ಣಿಗೆ." ನಾನೂ ಸುಮ್ಮನಿರುವವಳಲ್ಲ, ಇದ್ದಬದ್ದದ್ದೆಲ್ಲ ಅಂದು ಬಂದೆ. ಆಮೇಲೆ ನಾವು ಮಾತಾಡಲಿಲ್ಲ.

ಮುಂದಿನ ಆಯುಧಪೂಜೆಗೆ ನಾನು ಅಂಗಡಿ ಮುಚ್ಚಿ ಅಕ್ಕನ ಮನೆಗೆ ಹೋದೆ. ದಿಣ್ಣೆಯ ಬಾಳೆಗಳು ಕಪ್ಪು ಹಸಿರಾಗಿ, ದಪ್ಪಗೆ ನಿಂತಿದ್ದವು. ಇನ್ನೇನು ಹೂವು ಹೊರಡಬೇಕು. ಅಕ್ಕ ಜೀಪಿಗೆ ಬರೀ ಹೂವು ಹಾಕಿದ್ದಳು. ಗೇಟಿಗೆ ಬೀಗ ಹಾಕಿದ್ದಳು. ಹಬ್ಬದ ದಿನ ಗೇಟಿಗೆ ಬೀಗ! ನನಗೇ ಒಂಥರಾ ಆಯಿತು.

ಹನ್ನೊಂದರ ಹೊತ್ತಿಗೆ ದೊಡ್ಡಪ್ಪನ ಜೀಪು ಹಾರ್ನ್ ಹೊಡೆಯುತ್ತಾ ಬಂತು. ಮುಂದೆ ಎರಡು ಕಡೆ ಅದೇ ಗಿಡ್ಡ ಕಂದು, ನೆಟ್ಟಗೆ ನಿಂತಿದ್ದವು. ನಾನು ಕಟ್ಟೆ ಬಿಟ್ಟು ಏಳಲಿಲ್ಲ. ಅಕ್ಕ ಗೇಟಿನವರೆಗೂ ಓಡಿದಳು.

"ದೊಡ್ಡಪ್ಪಾ, ಗಾಡಿ ಅಲ್ಲೇ ನಿಲ್ಸಿ. ಕಾಲಿಗೆ ಬೀಳ್ತೀನಿ, ಒಳಗೆ ತರಬೇಡಿ."

"ಪೂಜೆ ದಿನ ಬಾಗಲಾಗೇ ನಿಲ್ಲಿಸ್ತೀಯೇನವ್ವ?"

ಅವರ ದನಿ ಸಣ್ಣದಾಗಿತ್ತು. ಬೈದಿದ್ದರೆ ಅಕ್ಕನಿಗೆ ಸುಲಭವಾಗುತ್ತಿತ್ತು. ಅವರು ಇಳಿಯಲೂ ಇಲ್ಲ. ಸೀಟಿನ ಮೇಲಿದ್ದ ಪೊಟ್ಟಣವೊಂದನ್ನು ಕಿಟಕಿಯಿಂದ ಚಾಚಿ, "ಪ್ರಸಾದ. ಇದನ್ನಾದ್ರೂ ಇಸ್ಕೋ" ಅಂದರು. ಅಕ್ಕ ಗೇಟಿನ ಸರಳುಗಳ ನಡುವೆ ಕೈ ಹಾಕಿ ತೆಗೆದುಕೊಂಡಳು, ಕಣ್ಣಿಗೆ ಒತ್ತಿಕೊಂಡಳು, ಎದೆಗೆ ಹಿಡಿದುಕೊಂಡಳು. ಜೀಪು ಹಿಂದಕ್ಕೆ ಹೋಗಿ, ತಿರುಗಿ, ಇಳಿಜಾರಿನಲ್ಲಿ ಮರೆಯಾಯಿತು.

ಅವಳು ಗದ್ದೆಯ ಬದುವಿನ ಮೇಲೆ, ದಿಣ್ಣೆಯ ಬಾಳೆಗಳ ಪಕ್ಕದಿಂದಲೇ ನಡೆದು ಬಂದಳು. ಕಣ್ಣು ತುಂಬಿತ್ತು. ಕಟ್ಟೆಯ ಮೇಲೆ ಪೊಟ್ಟಣ ಇಟ್ಟು ದಾರ ಬಿಚ್ಚಿದಳು. ಒಳಗೆ ಬಾಳೆಹಣ್ಣಿನ ರಸಾಯನ, ಕಡಲೆ, ಒಂದು ಹೂವು. ಸುತ್ತಿದ್ದದ್ದು ಬಾಳೆಯ ಎಳೆ ಎಲೆ, ದಂಟಿನ ತುಂಡು ಇನ್ನೂ ಹಾಗೇ ಇತ್ತು. ಆ ದಂಟಿನ ಮೇಲೆ ಕಚ್ಚಾ ಹೊಲಿಗೆ. ಅದರ ಸಂದಿಯಲ್ಲಿ ಎಳ್ಳಿನ ಪುಡಿ, ಮೆಲ್ಲಗೆ ಹರಿದಾಡುತ್ತಿತ್ತು.

 ಅಕ್ಕ ಪ್ರಸಾದ ಸಮೇತ ಅದನ್ನು ಒಯ್ದು ಉರಿಯುವ ಒಲೆಗೆ ಹಾಕಿದಳು. ಆಮೇಲೆ ಅಂಗಳಕ್ಕೆ ಬಂದು, ಬಿಸಿಲಲ್ಲಿ ಎರಡೂ ಕೈ ಅಗಲಿಸಿ, ತೋಟಕ್ಕೆ ಬೆನ್ನು ಮಾಡಿ ನಿಂತಳು.

"ನಿನ್ ಕಣ್ಣು ಚುರುಕು ಕಣೇ" ಅಂದಳು. "ನನ್ ಸೆರಗಿಗೇನಾದ್ರೂ ಹತ್ಕೊಂಡೈತಾ, ನೋಡು."