ತೊಳೆದು ಕಳಿಸಿದ ಬುಟ್ಟಿ

ಉಡುಗೊರೆ ತೆಗೆದುಕೊಂಡವರು ಈಗಲೂ ಉಪಕಾರ ನೆನೆಯುತ್ತಾರಾ ಎಂದು ನನ್ನನ್ನು ಕೇಳಿದರೆ, ನೆನೆಯುತ್ತಾರೆ, ಹೆಬ್ಬೆರಳಿನಿಂದ. ಕೈಮುಗಿದ ಹಳದಿ ಚಿತ್ರವೊಂದು ಮೊಬೈಲಿಗೆ ಬಂದು ಬಿದ್ದರೆ ಮುಗಿಯಿತು. ಮದುವೆ ಕಾಗದದಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸಿ, ವೇದಿಕೆಯ ಮೇಲೆ ಕವರು ಹಿಡಿಯಲಿಕ್ಕೆಂದೇ ಒಬ್ಬ ಭಾವನನ್ನು ನಿಲ್ಲಿಸುವ ಜನ ನಾವು. ಕೊಟ್ಟವರ ಮುಖವನ್ನು ಯಾರೂ ನೋಡುವುದಿಲ್ಲ, ಎಲ್ಲರ ಕಣ್ಣೂ ಕ್ಯಾಮರಾದ ಮೇಲೆ.

ನಾನು ನೈಟಿ, ಲಂಗ, ಬೆಡ್‌ಶೀಟುಗಳ ಚೀಲ ಹೊತ್ತು ಕಾರ್ಕಳದ ಬಸ್ಸಿನಲ್ಲಿ ಊರೂರು ಇಳಿದು ಮಾರಿದವಳು. ಈಗ ಹಿರಿಯಡ್ಕದಲ್ಲಿ ಸ್ವಂತ ಬಟ್ಟೆ ಅಂಗಡಿ ಉಂಟು, ಕುಕ್ಕುಂದೂರಿನಲ್ಲಿ ಮನೆ ಉಂಟು. ಎಲ್ಲ ಚೌಕಾಸಿಯಿಂದ ಆದದ್ದು. ತಂಗಿಯ ಮಗಳಿಗೆ ಕೊಟ್ಟ ಓವನ್ ಕೂಡ ಹಾಗೆಯೇ ಬಂದದ್ದು.

ಅವಳು ಮಣಿಪಾಲದ ಫ್ಲ್ಯಾಟಿನಲ್ಲಿ ಕೇಕ್ ಮಾಡಿ ಮಾರುತ್ತಿದ್ದಳು. ಕಡಿಯಾಳಿಯಲ್ಲಿ ಒಂದು ಬೇಕರಿ ಇಡಬೇಕೆಂದು ಆಸೆಪಟ್ಟಳು. ಅಂಗಡಿಕೋಣೆ ಹುಡುಕಿದವಳು ನಾನು, ಅದರ ಯಜಮಾನರಾದ ರಾಯರ ಹತ್ತಿರ ಬಾಡಿಗೆ ಮಾತಾಡಿದವಳೂ ನಾನು. ಅದೇ ಹೊತ್ತಿಗೆ ಕಾಪುವಿನಲ್ಲಿ ಒಂದು ಹಳೆ ಬೇಕರಿ ಬಾಗಿಲು ಹಾಕುತ್ತಿತ್ತು. ಹೋದೆ, ಓವನ್ ನೋಡಿದೆ, ಬೇಡ ಎಂದು ಎದ್ದು ಬಂದೆ. ಮತ್ತೆ ಹೋದೆ, ಮತ್ತೆ ಬೇಡ ಎಂದೆ. ಕೊನೆಗೆ ಅವರೇ ಫೋನ್ ಮಾಡಿ ಕರೆದರು. ಕಲಿಯುವವರಿಗೆ ಹೇಳುತ್ತೇನೆ: ಯಾವ ವಸ್ತು ಬೇಕೋ ಅದಕ್ಕೆ ಬೆನ್ನು ಹಾಕಿ ನಿಲ್ಲಬೇಕು. ಆ ಓವನನ್ನು ಟೆಂಪೋದಲ್ಲಿ ಹೇರಿಸಿ ತಂದು, ಉಡುಗೊರೆ ಎಂದು ಅವಳ ಅಂಗಡಿಯಲ್ಲಿ ಇಳಿಸಿದೆ.

ಅಂಗಡಿ ತೆರೆದ ದಿನ ಅವಳು ಮೈಕ್ ಹಿಡಿದು ಥ್ಯಾಂಕ್ಸ್ ಹಂಚಿದಳು. ಬೋರ್ಡು ಬರೆದವನಿಗೆ, ಬೊಕೆ ತಂದ ಗೆಳತಿಯರಿಗೆ, ಅವಳು ಕಣ್ಣಿನಿಂದ ನೋಡಿಯೇ ಇಲ್ಲದ ಇನ್‌ಸ್ಟಾಗ್ರಾಮಿನ ಫಾಲೋವರ್ಸಿಗೆ. ನಾನು ಓವನ್ ಪಕ್ಕದಲ್ಲೇ ನಿಂತಿದ್ದೆ. ಕೊನೆಗೆ ನನ್ನ ಕಡೆ ತಿರುಗಿದಳು.

“ದೊಡ್ಡಮ್ಮ, ಸ್ವಲ್ಪ ಆಚೆ ನಿಲ್ತೀರಾ? ಫೋಟೋದಲ್ಲಿ ಅರ್ಧ ಬರ್ತೀರಿ.”

ತಂಗಿಗೆ ಹೇಳಿದರೆ ಅವಳು ನಕ್ಕಳು. “ಸ್ವಂತದವರಿಗೆ ಎಂತ ಥ್ಯಾಂಕ್ಸ್ ಅಕ್ಕ, ಹೊರಗಿನವರ ಹಾಗೆ!” ಇದು ನಮ್ಮವರ ದೊಡ್ಡ ವೇದಾಂತ. ಸ್ವಂತದವರೆಂದರೆ ಗೋಡೆಗೆ ಹೊಡೆದ ಮೊಳೆ, ಎಷ್ಟು ನೇತುಹಾಕಿದರೂ ಮಾತಾಡಬಾರದು.

ಅಂಗಡಿಕೋಣೆಯ ಕರಾರಿನ ಅವಧಿ ಮುಗಿಯುತ್ತಾ ಬಂದಾಗ ಹುಡುಗಿಗೆ ಈ ಮೊಳೆ ನೆನಪಾಯಿತು. ಫೋನಿನಲ್ಲಿ ಅಳು. “ದೊಡ್ಡಮ್ಮ, ರಾಯರು ಕೋಣೆ ಬಿಡಲಿಕ್ಕೆ ಹೇಳ್ತಿದ್ದಾರೆ. ಕಾರಣ ಕೇಳಿದರೆ ಮಾತಾಡುವುದಿಲ್ಲ. ನೀವೊಮ್ಮೆ ಬನ್ನಿ.” ಅಷ್ಟರಲ್ಲಿ ಅವಳ ಗಂಡ ದುಬೈಯ ಕೆಲಸ ಕಳೆದುಕೊಂಡು ಬಂದಿದ್ದ, ಮನೆ ನಡೆಯುತ್ತಿದ್ದದ್ದು ಬೇಕರಿಯಿಂದಲೇ. ಆ ಕೋಣೆ ಹೋದರೆ ಹೊಸ ಜಾಗಕ್ಕೆ ಮುಂಗಡ ಕೊಡುವ ತ್ರಾಣ ಅವಳಲ್ಲಿ ಇರಲಿಲ್ಲ. ಅವಳ ಮೇಲಿನ ಪ್ರೀತಿಗಿಂತ, ನಾನು ಕಷ್ಟಪಟ್ಟು ತಂದ ಓವನ್ ರಸ್ತೆ ಬದಿಗೆ ಬೀಳುವುದನ್ನು ನೋಡಲಾರದೆ ಹೊರಟೆ.

ರಾಯರ ಮನೆ ಅಂಗಡಿಯ ಹಿಂದೆಯೇ. ಹುಡುಗಿಯನ್ನೂ ಕರೆದುಕೊಂಡು ಹೋದೆ. ಅವರ ಹೆಂಡತಿ ಬೆಲ್ಲ, ನೀರು ತಂದಿಟ್ಟರು. ರಾಯರು ಸೆಕೆಯ ಮಾತಾಡಿದರು, ಪಾರ್ಕಿಂಗಿನ ಮಾತಾಡಿದರು. ಆಮೇಲೆ ಬಂದರು ವಿಷಯಕ್ಕೆ.

“ನಿಮ್ಮ ಹುಡುಗಿಗೆ ನಮ್ಮ ಸಂಬಂಧ ಬೇಡ ಅಂತ ಕಾಣ್ತದೆ.”

“ಯಾರು ಹೇಳಿದ್ದು ರಾಯರೇ?”

“ಹೇಳುವುದೆಂತ ಮಾರಾಯ್ರೆ? ನಮ್ಮ ಮಟ್ಟುವಿನ ಗದ್ದೆಯ ಗುಳ್ಳ ಒಂದು ಬುಟ್ಟಿ ಕಳಿಸಿದ್ದೆ. ಬುಟ್ಟಿ ತೊಳೆದು, ಒರೆಸಿ, ಖಾಲಿ ಬಂತು.”

ನನಗೆ ಅಲ್ಲೇ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಮಟ್ಟುಗುಳ್ಳದಂಥ ಬದನೆಯನ್ನು ಜನ ಕೇಳಿ ಪಡೆಯುತ್ತಾರೆ, ಇವಳಿಗೆ ಮನೆ ಬಾಗಿಲಿಗೆ ಬಂದಿದೆ. ನಮ್ಮ ಅಜ್ಜಿಯಂದಿರಿಗೆ ಧನ್ಯವಾದ ಎಂಬ ಶಬ್ದವೇ ಬಾಯಿಗೆ ಬರುತ್ತಿರಲಿಲ್ಲ, ಆದರೆ ನೆರೆಮನೆಯ ಪಾತ್ರೆ ಖಾಲಿ ಹಿಂದೆ ಹೋಗುತ್ತಿರಲಿಲ್ಲ. ಒಂದು ಅಚ್ಚು ಬೆಲ್ಲ, ಒಂದು ಹಿಡಿ ಅಕ್ಕಿ, ಏನೂ ಇಲ್ಲದಿದ್ದರೆ ಅಂಗಳದ ಎರಡು ದಾಸವಾಳ. ಖಾಲಿ ಕಳಿಸಿದರೆ ‘ಇನ್ನು ಬರುವುದು ಬೇಡ’ ಎಂದ ಹಾಗೆ. ಅದಕ್ಕೇ ನಾನು ಯಾರಿಗೆ ಏನು ಕೊಡುವುದಿದ್ದರೂ ನನ್ನ ಡಬ್ಬಿಯಲ್ಲೇ ಕೊಡುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟರೆ ಮರೆಯಲಿಕ್ಕೆ ನೀವೇ ರಜೆ ಕೊಟ್ಟ ಹಾಗೆ. ಡಬ್ಬಿ ಮರಳಿಸಲಿಕ್ಕಾದರೂ ಅವರು ನಿಮ್ಮ ಮೆಟ್ಟಿಲು ಹತ್ತಬೇಕು.

“ನಾನು ಥ್ಯಾಂಕ್ಸ್ ಅಂತ ಮೆಸೇಜ್ ಹಾಕಿದ್ದೆ ಅಂಕಲ್,” ಎಂದಳು ಹುಡುಗಿ. “ಹಾರ್ಟ್ ಸಹ ಹಾಕಿದ್ದೆ.”

“ಬಂತು. ಅದನ್ನು ಸಾಂಬಾರಿಗೆ ಹಾಕಲಿಕ್ಕೆ ಆಗ್ತದಾ?”

ರಾಯರ ಹೆಂಡತಿ ಮೆಲ್ಲಗೆ, “ಅಂಗಡಿ ತುಂಬ ಕೇಕ್ ಉಂಟಲ್ಲ ಮಗಾ, ಒಂದು ತುಂಡು ಇಟ್ಟಿದ್ದರೆ...”

“ಅದಕ್ಕೆ ಮೊಟ್ಟೆ ಹಾಕ್ತೇನೆ ಅಮ್ಮ! ನೀವು ತಿನ್ನುವವರಲ್ಲ. ನಿಮ್ಮ ಬುಟ್ಟಿಗೆ ಅದನ್ನು ಹೇಗೆ ಹಾಕುವುದು? ಅದಕ್ಕೇ ಚೆನ್ನಾಗಿ ತೊಳೆದು ಕಳಿಸಿದ್ದು.”

ನೋಡಿ, ಮೊಟ್ಟೆಯವರೆಗೆ ಹೋದ ಬುದ್ಧಿ ಪಕ್ಕದ ಜಿನಸಿ ಅಂಗಡಿಯ ಬೆಲ್ಲದವರೆಗೆ ಹೋಗಲಿಲ್ಲ. ಕಲಿತವರೆಂದರೆ ಇಷ್ಟೇ.

ಆ ಅಮ್ಮನ ಮುಖ ಆಗಲೇ ಅರಳಿತ್ತು. ರಾಯರ ಮುಖ ಅರಳಬೇಕಿತ್ತು, ಇನ್ನಷ್ಟು ಬಿಗಿಯಾಯಿತು. ಅಲ್ಲಿಗೆ ನನಗೆ ತಿಳಿಯಿತು, ಹೆಚ್ಚು ಬಾಡಿಗೆಯ ಗಿರಾಕಿ ಯಾರೋ ಬಂದುಹೋಗಿದ್ದಾನೆ. ಆಸೆ ಎಂದು ಬಾಯಿಬಿಟ್ಟು ಹೇಳಲಿಕ್ಕೆ ಮರ್ಯಾದೆ ಬಿಡುವುದಿಲ್ಲ, ಹಾಗಾಗಿ ಬುಟ್ಟಿಯ ಹಿಂದೆ ಅಡಗಿದ್ದಾರೆ. ಕೃತಜ್ಞತೆ ಇಲ್ಲದವರಿಗಿಂತ ಕೃತಜ್ಞತೆಯ ಹೆಸರಿನಲ್ಲಿ ವ್ಯಾಪಾರ ಮಾಡುವವರನ್ನು ಕಂಡರೆ ನನಗೆ ಹೆಚ್ಚು ಹೇಸಿಗೆ.

“ಅಮ್ಮ, ಆ ಬುಟ್ಟಿ ಒಮ್ಮೆ ಕೊಡಿ,” ಎಂದೆ. ತಂಗಿಯ ಮನೆಗೆಂದು ತಂದ ತೆಂಗಿನಕಾಯಿ ಕಾರಿನಲ್ಲಿತ್ತು. ಬುಟ್ಟಿ ತುಂಬಿಸಿ ತಂದು ರಾಯರಿಗಲ್ಲ, ಅವರ ಹೆಂಡತಿಗೆ ಕೊಟ್ಟೆ.

“ತಡವಾಯಿತು, ಬೇಸರ ಮಾಡಬೇಡಿ. ರಾಯರೇ, ಬುಟ್ಟಿ ಖಾಲಿ ಬಂತು ಅಂತಲ್ವಾ ಕೋಣೆ ಬಿಡಿಸುವುದು? ಬೇರೆ ಕಾರಣ ಎಂತದೂ ಇಲ್ಲವಲ್ಲ?”

ರಾಯರು ಬಾಯಿ ತೆರೆಯುವ ಮೊದಲೇ ಆ ಅಮ್ಮ, “ಬೇರೆ ಎಂತ ಕಾರಣ? ಇವರಿಗೆ ಅದೇ ಒಂದು ಬೇಸರ,” ಎಂದು ಎರಡೂ ಕೈಯಲ್ಲಿ ಬುಟ್ಟಿ ತೆಗೆದುಕೊಂಡು ಒಳಗೆ ಹೋದರು.

ಇನ್ನು ರಾಯರಿಗೆ ಹಿಂದೆ ಹೋಗಲಿಕ್ಕೆ ದಾರಿ ಇರಲಿಲ್ಲ. ಕನ್ನಡಕ ಒರೆಸಿದರು, ತೆರಿಗೆ ಏರಿದೆ ಎಂದರು, ಬಣ್ಣ ಹೊಡೆಸಬೇಕು ಎಂದರು. ಸೋತವರಿಗೆ ಸ್ವಲ್ಪ ಬಿಟ್ಟುಕೊಡಬೇಕು, ಇಲ್ಲದಿದ್ದರೆ ನಾಳೆ ನೀರಿನ ಪಂಪು ಹಾಳಾಗುತ್ತದೆ. ಬಾಡಿಗೆಯಲ್ಲಿ ಅಲ್ಪ ಏರಿಕೆಗೆ ಒಪ್ಪಿದೆ. ಕರಾರು ಮುಂದುವರಿಸುವುದೆಂದು ಮಾತಾಯಿತು.

ಹೊರಗೆ ಬಂದೆವು. ಹುಡುಗಿ ಕಣ್ಣೊರೆಸಿಕೊಂಡಳು. ಅಂಗಡಿಯ ಹತ್ತಿರ ಬರುವಾಗ, “ದೊಡ್ಡಮ್ಮ,” ಎಂದಳು. ನಾನು ನಿಂತೆ. ಈಗಲಾದರೂ ಬಂತು ಎಂದುಕೊಂಡೆ.

“ಬಾಡಿಗೆ ಏರಿಸಲಿಕ್ಕೆ ಯಾಕೆ ಒಪ್ಪಿದಿರಿ? ಆ ಅಮ್ಮ ಬುಟ್ಟಿ ಒಳಗೆ ಕೊಂಡುಹೋಗಿ ಆಗಿತ್ತಲ್ಲ. ಇನ್ನು ಸ್ವಲ್ಪ ಎಳೆದಿದ್ದರೆ ಹಳೆಯದಕ್ಕೇ ಬರ್ತಿದ್ದರು.”

ಸುಳ್ಳೆಂದು ಹೇಳುವ ಹಾಗಿರಲಿಲ್ಲ. ಬಹುಶಃ ಬರುತ್ತಿದ್ದರು.

“ಮುಂದಿನ ಸಲ ನನ್ನನ್ನು ಕರೆಯಬೇಡ. ನೀನೇ ಹೋಗಿ ಮಾತಾಡು,” ಎಂದೆ.

“ಆಯ್ತು, ನಾನೇ ಮಾತಾಡ್ತೇನೆ,” ಎಂದಳು ಮರುಮಾತಿಲ್ಲದೆ. ಅಂಗಡಿಯೆದುರು ಗಿರಾಕಿಗಳು ನಿಂತಿದ್ದರು, ಅವರ ಕಡೆ ಓಡಿದಳು.